ನಲವತ್ತಮೂರು ಡಿಗ್ರಿಯ ಕಪ್ಪುನೀರು

ನಾನು ಕಾಲಿಟ್ಟ ಕಡೆ ಏನಾದರೊಂದು ಆಗದೆ ಇರುವುದಿಲ್ಲ; ಅದರಲ್ಲಿ ನನ್ನ ತಪ್ಪೂ ಇದೆ ಅನ್ನುವವರು ಹೊಟ್ಟೆಕಿಚ್ಚಿನವರು. ಚಿತ್ರದುರ್ಗದ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಾನು ಅಟೆಂಡರ್. ಬೀಗದ ಕೈ ನನ್ನ ಹತ್ತಿರ, ಅಂದಮೇಲೆ ವಿಜ್ಞಾನವೂ ನನ್ನ ಹತ್ತಿರ. ಅಲ್ಲೇ ನನ್ನ ಅಕ್ಕನ ಮಗಳು ಪಿಎಚ್‌ಡಿ ಮಾಡುತ್ತಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ ಅಯಸ್ಕಾಂತದ ಕಣಗಳನ್ನು ನೀರಿಗೆ ಬೆರೆಸಿ, ತಾಮ್ರದ ಸುರುಳಿಯೊಳಗಿಟ್ಟು ಕರೆಂಟು ಕೊಟ್ಟರೆ ಆ ಕಪ್ಪುನೀರು ಬಿಸಿಯಾಗುತ್ತದೆ. ಮುಂದೊಂದು ದಿನ ಕ್ಯಾನ್ಸರ್ ಗಡ್ಡೆಯನ್ನು ಅದರಿಂದಲೇ ಸುಡಬಹುದಂತೆ. ಪರೀಕ್ಷಕರ ಎದುರು ಅದು ನಲವತ್ತಮೂರು ಡಿಗ್ರಿಗೇರಿ ನಿಂತರೆ ಹುಡುಗಿಗೆ ಡಾಕ್ಟರೇಟು. ಇಲ್ಲದಿದ್ದರೆ ನಾಲ್ಕು ವರ್ಷದ ಕೆಲಸ ನೀರುಪಾಲು.

೧. ಸಣ್ಣ ಬರೆ

ಮತ್ತೋಡಿನ ಹತ್ತಿರ ನಮ್ಮೂರು. ನಮ್ಮವ್ವ ಜೀವಮಾನವೆಲ್ಲ ಕುರಿ ಕಾದವಳು, ಬಾವು ಬಂದ ಕುರಿಗೆ ಕಬ್ಬಿಣ ಕಾಯಿಸಿ ಬರೆ ಎಳೆದವಳು. ಮೊಮ್ಮಗಳು ಹೇಳಿದ್ದನ್ನೆಲ್ಲ ಕೇಳಿ, "ಅಂದ್ರೆ ಬರೆ ಹಾಕ್ತೀಯ ಅನ್ನು," ಅಂದಳು.

"ಬರೆ ಅಲ್ಲಜ್ಜಿ. ಕೂದಲನ್ನ ಸಾವಿರ ಸೀಳು ಮಾಡಿದ್ರೆ, ಅದಕ್ಕಿಂತ ಸಣ್ಣ ಕಣ."

"ಅಷ್ಟು ಸಣ್ಣ ಬರೆಗೆ ನಮ್ಮ ಟಗರು ಕಿವಿ ಸೈತ ಅಲ್ಲಾಡ್ಸಲ್ಲ ಕಣೇ!"

೨. ಮೀಸೆಯ ಸಂಗೀತ

ಹೊಳಲ್ಕೆರೆಯಲ್ಲಿ ನೆಂಟರ ಮದುವೆ. ಇಡೀ ಜಿಲ್ಲೆಗೆ ನನ್ನದೊಂದೇ ಮೀಸೆ, ಆದರೆ ನರೆತಿತ್ತು. ಪ್ರಯೋಗಾಲಯದಲ್ಲಿ ಕಪ್ಪುನೀರಿನ ಎರಡು ಬಾಟಲಿ ಇದ್ದವು. ಒಂದನ್ನು ಪೂರ್ತಿ ಮೀಸೆಗೆ ಬಳಿದುಕೊಂಡು ಹೊರಟೆ. ಕಪ್ಪೆಂದರೆ ಕಪ್ಪು! ಮಂಟಪದಲ್ಲಿ ಆಳೆತ್ತರದ ಸ್ಪೀಕರಿನ ಪಕ್ಕ ಕುರ್ಚಿ ಸಿಕ್ಕಿತು. ಸ್ಪೀಕರಿನ ಹೊಟ್ಟೆಯಲ್ಲೂ ಅಯಸ್ಕಾಂತ ಇರುತ್ತದೆಂದು ಯಾರಿಗೆ ನೆನಪು? ಮೀಸೆಯ ಎರಡೂ ತುದಿ ಬಲಕ್ಕೆ ತಿರುಗಿ ನೆಟ್ಟಗೆ ನಿಂತವು.

"ಏನ್ರಿ ಇದು, ಮೀಸೆ ಹಾಡಿನ ಕಡೀಗೆ ತಿರುಗೈತೆ?" ಅಂದರು ಪಕ್ಕದ ಯಜಮಾನರು.

"ಅದಕ್ಕೆ ಸಂಗೀತ ಜ್ಞಾನ ಐತ್ರಿ. ನನಗೇ ಇಲ್ಲ."

ಅಕ್ಕನ ಮಗಳು ಮಾತ್ರ ನಗಲಿಲ್ಲ. "ಮಾವ, ಸೋಮವಾರ ಪರೀಕ್ಷೆ, ಉಳಿದಿರೋದು ಒಂದೇ ಬಾಟ್ಲಿ. ಅದನ್ನೂ ಹುಬ್ಬಿಗೆ ಹಚ್ಕಂಡ್ರೆ, ನಿನ್ನನ್ನೇ ಸುರುಳಿಯೊಳಗೆ ಇಡ್ತೀನಿ!"

೩. ಸೋಮವಾರ

ಪರೀಕ್ಷಕರು ಹೊರಗಿನವರು. ಟೈ, ಕೋಟು, ಗಂಟುಮುಖ. ಹುಡುಗಿ ಸ್ವಿಚ್ ಒತ್ತಿದಳು. ಮೂವತ್ತು, ಮೂವತ್ತೆಂಟು, ನಲವತ್ತಮೂರು. ನಿಂತಿತು! ನಾನು ಎದೆ ಉಬ್ಬಿಸಿದ ರಭಸಕ್ಕೆ ಅಂಗಿಯ ಗುಂಡಿ ಹಾರಿ ಕಿಟಕಿಯಾಚೆ ಹೋಯಿತು.

ಪರೀಕ್ಷಕರು ತಲೆಯಾಡಿಸಿದರು. "ಕಣಗಳಿಂದ ಏನೂ ಬಿಸಿಯಾಗಿಲ್ಲಮ್ಮ. ಈ ತಾಮ್ರದ ಸುರುಳಿಯೇ ಕಾದು ನೀರನ್ನ ಕಾಯಿಸ್ತಿದೆ. ನಮ್ಮನೇಲಿ ಗೀಸರ್ ಮಾಡೋದೂ ಇದೇ ಕೆಲಸ."

ಹುಡುಗಿಯ ಮುಖ ಬಾಡಿತು. ನಾಲ್ಕು ವರ್ಷ ಗೀಸರ್ ಪಾಲಾಯಿತು. ಪರೀಕ್ಷಕರು ತಾವೇ ಬಾಟಲಿ ಎತ್ತಿಟ್ಟು, "ಸುರುಳಿ ಎಷ್ಟು ಕಾದಿದೆ ನೋಡೇ ಬಿಡೋಣ," ಎಂದು ಕರೆಂಟು ಹರಿಯುತ್ತಿದ್ದ ಸುರುಳಿಯೊಳಗೇ ಬೆರಳು ತೂರಿಸಿದರು.

"ಸಾರ್, ಬೇಡ!" ಎಂದು ಹುಡುಗಿ ಅನ್ನುವಷ್ಟರಲ್ಲಿ ತಡವಾಗಿತ್ತು. ಆ ಬೆರಳಿನಲ್ಲಿ, ಶನಿಕಾಟ ಕಳೆಯಲೆಂದು ಹಾಕಿಕೊಂಡಿದ್ದ ಕುದುರೆ ಲಾಳದ ಕಬ್ಬಿಣದ ಉಂಗುರ!

"ಅಯ್ಯಯ್ಯಪ್ಪಾ!"

ಪರೀಕ್ಷಕರು ಹಾರಿದ ಎತ್ತರಕ್ಕೆ ಫ್ಯಾನಿನ ರೆಕ್ಕೆ ತಾನಾಗಿ ಪಕ್ಕಕ್ಕೆ ಸರಿಯಿತು. ಉಂಗುರ ಕಿತ್ತೆಸೆದು ಬೆರಳನ್ನು ನನ್ನ ಕುಡಿಯುವ ನೀರಿನ ಚೊಂಬಿಗೆ ಅದ್ದಿದರು. ಹುಡುಗಿ ಸುರುಳಿಯ ಮೇಲೆ ತನ್ನ ಬರಿಗೈ ಇಟ್ಟಳು.

"ನೋಡಿ ಸಾರ್, ಸುರುಳಿ ತಣ್ಣಗೇ ಇದೆ. ಒಳಗಿರೋ ಕಬ್ಬಿಣ ಮಾತ್ರ ಕಾಯುತ್ತೆ. ನನ್ನ ಪ್ರಬಂಧದಲ್ಲಿ ಬರೆದಿರೋದು ಇಷ್ಟೇ."

ಪರೀಕ್ಷಕರು ಸುರುಳಿ ನೋಡಿದರು, ಚೊಂಬು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎಡಗೈಯಲ್ಲೇ ಸಹಿ ಹಾಕಿ, "ಡಾಕ್ಟರಮ್ಮಾ, ಮುಲಾಮು ಇದ್ರೆ ಕೊಡಿ," ಅಂದರು.

ಶನಿಯ ಉಂಗುರ ಇದ್ದದ್ದು ಅವರ ಬೆರಳಿನಲ್ಲಿ. ಶನಿ ಬಿಟ್ಟು ಹೋದದ್ದು ಮಾತ್ರ ನಮ್ಮ ಹುಡುಗಿಯನ್ನ!