ನಾನು ಶಾಖೆಯ ಆರೋಗ್ಯ ಕಾಪಾಡಿದ್ದು

ನಮ್ಮ ಸಂಸ್ಥೆಯ ಹೆಡ್ಡಾಫೀಸಿಗೆ ಒಂದು ದಿನ ಇದ್ದಕ್ಕಿದ್ದಂತೆ ನೌಕರರ ಆರೋಗ್ಯದ ಮೇಲೆ ಪ್ರೀತಿ ಉಕ್ಕಿತು. ಸಂಬಳ ಹೆಚ್ಚಿಸಿ ಎಂದು ಕೂಗಿದರೂ ಕೇಳಿಸದ ಕಿವಿಗೆ ನಮ್ಮ ಎದೆಬಡಿತ ಕೇಳಿಸಿತೆಂದರೆ ಸಾಮಾನ್ಯ ಸಂಗತಿಯೇ? ಪ್ರತಿ ಶಾಖೆಯೂ ಒಬ್ಬ ‘ಕ್ಷೇಮ ಸಂಯೋಜಕ’ನನ್ನು ನೇಮಿಸಬೇಕೆಂದು ಅಪ್ಪಣೆಯಾಯಿತು. ಬೋವಿಕಾನ ಶಾಖೆಯಲ್ಲಿ ಆ ಕಿರೀಟ ನನ್ನ ತಲೆಗೇ ಬಂತು.

ನಾನು ಒಪ್ಪಿದ್ದಕ್ಕೆ ಕಾರಣವಿತ್ತು. ನನ್ನ ಮನೆ ಮಂಜೇಶ್ವರದಲ್ಲಿ. ದಿನಾ ಕಾಸರಗೋಡಿನಲ್ಲಿ ಬಸ್ಸು ಬದಲಿಸಿ, ನೇತಾಡಿಕೊಂಡು ಬೋವಿಕಾನಕ್ಕೆ ಬರುವುದು, ಹಾಗೆಯೇ ಹಿಂದೆ ಹೋಗುವುದು. ಮಂಜೇಶ್ವರ ಶಾಖೆಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು.

“ಇದೊಂದು ಚಂದ ಮಾಡಿ ತೋರಿಸಿ, ನಿಮ್ಮ ಟ್ರಾನ್ಸ್‌ಫರಿಗೆ ನಾನೇ ಬರೀತೇನೆ” ಎಂದರು ಮ್ಯಾನೇಜರ್.

ಆರೋಗ್ಯ ಯಾರಿಗೆ ಬೇಕಿತ್ತು? ನನಗೆ ಬೇಕಾದದ್ದು ಮಂಜೇಶ್ವರ!

ಮೊದಲ ದಿನವೇ ಪಕ್ಕದ ಹೋಟೆಲಿನಿಂದ ಬರುತ್ತಿದ್ದ ಎಣ್ಣೆಯಲ್ಲಿ ಕರಿದ ಗೋಳಿಬಜೆಗೆ ನಿಷೇಧ ಹೇರಿ, ಹೆಚ್ಚಿದ ಮುಳ್ಳುಸೌತೆ ಇಡಿಸಿದೆ. ಕ್ಯಾಷಿಯರ್ ಬಾಲಣ್ಣ ಅದನ್ನು ನೋಡಿ, “ಇದೆಂತ ಮಾರಾಯ, ನಾವು ಆಫೀಸಿಗೆ ಬಂದದ್ದಾ, ದನದ ಹಟ್ಟಿಗೆ ಬಂದದ್ದಾ?” ಎಂದ. ಮಹತ್ಕಾರ್ಯಗಳಿಗೆ ಇಂಥ ವಿರೋಧ ಸಹಜ ಎಂದುಕೊಂಡೆ.

ಮರುದಿನ ಕುಳಿತಲ್ಲೇ ವ್ಯಾಯಾಮ. ನನ್ನ ಆದೇಶದಂತೆ ಎಲ್ಲರೂ ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಪಾಸ್‌ಬುಕ್ ಹಿಡಿದು ಒಳಬಂದ ಅಜ್ಜಿಯೊಬ್ಬರು ನಮ್ಮನ್ನು ನೋಡಿ ತಾವೂ ಕೈ ಎತ್ತಿದರು. “ನನ್ನ ಹತ್ರ ಎಂತದೂ ಇಲ್ಲ, ಬೇಕಾದ್ರೆ ಬಳೆ ತಕೊಳ್ಳಿ!” ಎಂದು ನಡುಗತೊಡಗಿದರು. ಕಳ್ಳರು ಬಂದಿಲ್ಲ, ಆರೋಗ್ಯ ಬಂದಿದೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಉಸಿರೇ ನಿಲ್ಲುವಂತಾಯಿತು.

ಇಷ್ಟಾದರೂ ನಾನು ಎದೆಗುಂದಲಿಲ್ಲ. ಹೆಡ್ಡಾಫೀಸಿನ ವೈದ್ಯಕೀಯ ಶಿಬಿರ ಬಾಕಿಯಿತ್ತು. ಡಾಕ್ಟರರು, ಒಬ್ಬ ಸಿಸ್ಟರ್, ಒಬ್ಬ ದೊಡ್ಡ ಆಫೀಸರ್ ಬರುವವರಿದ್ದರು. ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಇಲ್ಲಿ ಹೆಸರು ಗಳಿಸಿದರೆ ಮಂಜೇಶ್ವರ ನನ್ನ ಅಂಗೈಯಲ್ಲಿ!

ಹಿಂದಿನ ದಿನ ಹೆಂಡತಿ ವಿಮಲಳನ್ನು, “ಬಂದವರಿಗೆ ಬೆಲ್ಲ-ನೀರು ಕೊಡದಿದ್ರೆ ಹೇಗೆ? ಒಳ್ಳೆ ಓಲೆಬೆಲ್ಲ ಉಂಟಾ?” ಎಂದು ಕೇಳಿದೆ.

“ಉಂಟು. ಡಬ್ಬಿ ತುಂಬ ತಕೊಂಡು ಹೋಗಿ. ಕಡಿಮೆ ಬಿದ್ರೆ ನನ್ನ ಮರ್ಯಾದೆ ಹೋಗ್ತದೆ” ಎಂದಳು. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು.

ಶಿಬಿರದ ಬೆಳಿಗ್ಗೆ ಬಾಗಿಲಲ್ಲೇ ತಟ್ಟೆ ಹಿಡಿದು ನಿಂತೆ. ಬೆಲ್ಲದ ತುಂಡು, ತಣ್ಣಗಿನ ಬಾವಿನೀರು. ಡಾಕ್ಟರರು ಮತ್ತು ಆಫೀಸರ್ ಸಂತೋಷದಿಂದ ಬಾಯಿಗೆ ಹಾಕಿಕೊಂಡು ನೇರ ಮ್ಯಾನೇಜರರ ಕೋಣೆಗೆ ಹೋದರು. ನಮ್ಮವರಂತೂ ಖಾಲಿ ಹೊಟ್ಟೆಯಲ್ಲಿ ದೂರದಿಂದ ಬಂದವರು, ತಟ್ಟೆಯ ಮೇಲೆ ಮುಗಿಬಿದ್ದರು. ಬಾಲಣ್ಣ ಒಂದು ತುಂಡು ಬಾಯಿಗೆ, ಒಂದು ಕೈಗೆ, ಒಂದು ಕಿಸೆಗೆ ಹಾಕಿಕೊಂಡು, “ಇದು ನೋಡು, ಕ್ಷೇಮ ಅಂದ್ರೆ!” ಎಂದು ಮೊದಲ ಬಾರಿ ನನ್ನನ್ನು ಹೊಗಳಿದ. ಪರೀಕ್ಷೆಗೆ ತಡವಾದಷ್ಟೂ ನಾನು ತಟ್ಟೆ ಹಿಡಿದು ಇನ್ನೊಂದು ಸುತ್ತು ಬಂದೆ. ಉಪಚಾರದ ಭರದಲ್ಲಿ ನನಗೆ ಒಂದು ಚೂರು ತಿನ್ನಲೂ ಪುರುಸೊತ್ತಾಗಲಿಲ್ಲ.

ತಡವಾಗಿ ಬಂದ ಸಿಸ್ಟರ್ ಕೇರಳದ ತೆಂಕಣ ಜಿಲ್ಲೆಯವರು. ಯಂತ್ರಗಳ ಪೆಟ್ಟಿಗೆ ಹಿಡಿದು ಹಿಂಬಾಗಿಲಿಂದ ಬಂದದ್ದರಿಂದ ತಟ್ಟೆಯನ್ನು ಕಂಡಿರಲಿಲ್ಲ. ಒಬ್ಬೊಬ್ಬರ ಬೆರಳು ಚುಚ್ಚುವ ಮೊದಲು, ಏನಾದರೂ ತಿಂದಿದ್ದೀರಾ ಎಂದು ಮಲಯಾಳದಲ್ಲಿ ವಿಚಾರಿಸಿದರು. ಎಲ್ಲರೂ ಪ್ರಾಮಾಣಿಕವಾಗಿ “ಇಲ್ಲ” ಎಂದರು. ಅದು ಸುಳ್ಳೇನಲ್ಲ. ನಮ್ಮ ಊರಲ್ಲಿ ಬೆಲ್ಲ-ನೀರನ್ನು ಯಾರು ತಿಂಡಿಯ ಲೆಕ್ಕಕ್ಕೆ ಹಿಡಿಯುತ್ತಾರೆ?

ಯಂತ್ರ ನೋಡಿ ಸಿಸ್ಟರ್ ಹುಬ್ಬೇರಿಸಿದರು. ಡಾಕ್ಟರರು ಗಂಭೀರರಾದರು. ಇಡೀ ಶಾಖೆಗೆ ಸಕ್ಕರೆ! ಬಾಲಣ್ಣನದ್ದಂತೂ ಎಲ್ಲರಿಗಿಂತ ಮೇಲೆ. ಸರಿಯಿದ್ದದ್ದು ನನ್ನೊಬ್ಬನದ್ದೇ. ಆಫೀಸರ್ ನನ್ನ ಬೆನ್ನು ತಟ್ಟಿ, “ನೀವು ಎಲ್ಲರಿಗೂ ಮಾದರಿ” ಎಂದು ಅಲ್ಲಿಂದಲೇ ವರದಿ ಕಳಿಸಿದರು. ನಾನು ಹೆಮ್ಮೆಯಿಂದ ಉಬ್ಬಿಹೋದೆ.

ಸಂಜೆ ವಿಮಲ ಡಬ್ಬಿ ತೊಳೆಯುತ್ತಾ, “ಎಲ್ಲ ಖಾಲಿ! ರಕ್ತ ಕೊಟ್ಟ ಮೇಲೆ ಸುಸ್ತಾಗಿ ತಿಂದದ್ದಾ?” ಎಂದಳು.

“ಮೇಲೆ ಎಂತಕ್ಕೆ? ಬಂದ ಕೂಡ್ಲೇ ಕೊಟ್ಟೆ.”

ಅವಳು ಡಬ್ಬಿ ಕೆಳಗಿಟ್ಟಳು. ನನ್ನ ಮುಖವನ್ನೇ ನೋಡಿದಳು. ಆಮೇಲೆ ನನಗೂ ತಿಳಿಯಿತು.

ಮರುದಿನ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಪಾಪ, ಒಬ್ಬರ ಮನೆಯಲ್ಲಿ ಆಗಲೇ ಅಳು ಶುರುವಾಗಿತ್ತು, ಇನ್ನೊಬ್ಬರು ರಾತ್ರಿ ಉಪವಾಸ ಮಲಗಿದ್ದರು. ಎಲ್ಲರೂ ನಿಜವಾದ ಖಾಲಿ ಹೊಟ್ಟೆಯಲ್ಲಿ ಮತ್ತೆ ಪರೀಕ್ಷಿಸಿಕೊಂಡರು. ಅವರ ಸಕ್ಕರೆ ಸರಿಯಾಗಿಯೇ ಇತ್ತು. ನನ್ನನ್ನು ನೋಡುವ ನೋಟ ಮಾತ್ರ ಸರಿಯಿರಲಿಲ್ಲ.

ಅಷ್ಟರಲ್ಲಿ ಹೆಡ್ಡಾಫೀಸಿನಿಂದ ಆದೇಶ ಬಂತು. ತೀವ್ರ ಸಕ್ಕರೆ ಕಾಯಿಲೆಯ ನೌಕರ ದೂರ ಪ್ರಯಾಣ ಮಾಡಬಾರದಾದ್ದರಿಂದ, ಮಂಜೇಶ್ವರದ ಪಕ್ಕದ ಉಪ್ಪಳದಿಂದ ಓಡಾಡುವ ಬಾಲಣ್ಣನಿಗೆ ಕೂಡಲೇ ಮಂಜೇಶ್ವರ ಶಾಖೆಗೆ ವರ್ಗ!

ನಾನು ಮ್ಯಾನೇಜರರ ಕೋಣೆಗೆ ಓಡಿದೆ. “ಸಾರ್, ಅವನಿಗೆ ಸಕ್ಕರೆಯೇ ಇಲ್ಲ!”

“ಗೊತ್ತುಂಟು. ಹೊಸ ರಿಪೋರ್ಟ್ ಕಳಿಸಿಯೂ ಆಯ್ತು. ಹೊರಟ ಆರ್ಡರ್ ಹಿಂದೆ ಬರುವುದಿಲ್ಲವಂತೆ” ಎಂದರು ಅವರು.

“ಹಾಗಾದ್ರೆ ನನ್ನದು?”

“ನಿಮ್ಮದಕ್ಕೂ ಬರೆದಿದ್ದೆ ಮಾರಾಯ್ರೆ. ಉತ್ತರ ಬಂದಿದೆ.” ಅವರು ಕನ್ನಡಕ ಏರಿಸಿಕೊಂಡು ಓದಿದರು: “ಸದರಿ ನೌಕರನು ಶಾಖೆಯಲ್ಲೇ ಅತ್ಯಂತ ಆರೋಗ್ಯವಂತನಾಗಿದ್ದು, ದಿನನಿತ್ಯದ ದೀರ್ಘ ಪ್ರಯಾಣಕ್ಕೆ ಸಂಪೂರ್ಣ ಅರ್ಹನಾಗಿರುತ್ತಾನೆ.”