ಶಾರ್ಕಿನ ಹೊಟ್ಟೆಯಲ್ಲಿ ನನ್ನ ಮಂಡಿ

ಮಕ್ಕಳೇ, ಹೊಲಿಗೆಯಲ್ಲಿ ನನ್ನ ಕೈ ತಪ್ಪುವುದಿಲ್ಲ ಎಂಬ ಧೈರ್ಯದಿಂದಲೇ ನಾನು ಶಾರ್ಕ್ ಹೊಲಿಯಲು ಒಪ್ಪಿಕೊಂಡೆ. ನಿಮ್ಮ ಸಿಂಚನಕ್ಕನಿಗೆ ದಾವಣಗೆರೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಅಲ್ಲಿ ಗೆದ್ದರೆ ರಾಜ್ಯ ಮಟ್ಟಕ್ಕೆ ಹೋಗಬಹುದೆಂದು ಊಟದ ಮೇಲೂ ಗಮನವಿಲ್ಲದೆ ಕೂತಿದ್ದಳು.

ಶಾರ್ಕ್ ಹೇಗೆ ನುಂಗುತ್ತದೆ ಎಂಬುದು ಅವಳ ವಿಷಯ.

"ಅಜ್ಜಿ, ಅದಕ್ಕೆ ನಮ್ಮಂಗೆ ನಾಲಿಗೆ ಆಡಲ್ಲ. ತಿನ್ನುವಾಗ ವಿಜ್ಞಾನಿಗಳು ಎಕ್ಸ್‌ರೇ ವಿಡಿಯೊ ತೆಗೆದು ನೋಡ್ಯಾರೆ. ಒಳಗೆ ಭುಜ ಹಿಂದಕ್ಕೆ ಸರಿದು ತುತ್ತನ್ನ ಗಂಟಲಿಗೆ ಎಳ್ಕೊಂತೈತೆ."

ನಾನು ಹಳ್ಳಿ ಶಾಲೆಯಲ್ಲಿ ಕಲಿತ ವಿಜ್ಞಾನದಲ್ಲಿ ಮೀನಿಗೆ ಭುಜವೇ ಇರಲಿಲ್ಲ.

ಹಳೆಯ ಬೂದು ಲಂಗದಿಂದ ಶಾರ್ಕ್ ಸಿದ್ಧವಾಯಿತು. ಹರಿಹರದ ನಮ್ಮ ಮನೆಯೊಳಗೆ ಮೀನು ಬಂದದ್ದು ಅದೇ ಮೊದಲು, ಅದೂ ಬಟ್ಟೆಯದು. ಹೊಟ್ಟೆಯ ಕಿಂಡಿಗೆ ಸಿಂಚನಾ ಭುಜದ ಚಿತ್ರ ಬರೆದ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹಿಂದೆ ಬಲ್ಬ್ ಇಟ್ಟು, ಮುಂದೆ ಪುಟ್ಟ ಪರದೆ ಇಳಿಬಿಟ್ಟಳು.

ನನಗೆ ಸಮಾಧಾನವಾಗಲಿಲ್ಲ. ಅದು ನಿಜವಾದ ಎಕ್ಸ್‌ರೇ ಹಾಗೆ ಕಾಣುತ್ತಿರಲಿಲ್ಲ. ನಿಜವಾದದ್ದು ನನ್ನ ಟ್ರಂಕಿನಲ್ಲಿತ್ತು. ನಿಮ್ಮ ಅಜ್ಜ ಇದ್ದಿದ್ದರೆ "ಕತ್ತರಿ ಕೆಳಗಿಡು" ಎನ್ನುತ್ತಿದ್ದರು. ಅವರಿಲ್ಲ. ಕತ್ತರಿ ಇತ್ತು. ಅವಳು ಸ್ನಾನಕ್ಕೆ ಹೋದಾಗ ಹಾಳೆ ಬದಲಿಸಿ ಪರದೆ ಎಳೆದೆ.

ಪ್ರದರ್ಶನಕ್ಕೆ ನಾನೂ ಜೊತೆಗೆ ಹೋಗಿ ಒಂದು ಕಂಬದ ಹಿಂದೆ ನಿಂತಿದ್ದೆ. ತೀರ್ಪು ಕೊಡಲು ಬಂದ ಡಾಕ್ಟರಮ್ಮ ಪರದೆ ಸರಿಸಿ ಬಲ್ಬ್ ಹಾಕಿಸಿದರು. ಕನ್ನಡಕ ಸರಿಮಾಡಿಕೊಂಡರು.

"ಏನವ್ವಾ, ಶಾರ್ಕಿಗೆ ಮಂಡಿ ಯಾವಾಗ ಬಂತು?"

ಸಿಂಚನಾ ಬಗ್ಗಿ ನೋಡಿದಳು.

"ಅದೂ ಸವೆದ ಮಂಡಿ. ಪಾಪ, ಈ ಶಾರ್ಕಿಗೆ ಮೆಟ್ಟಿಲು ಹತ್ತೋದು ಭಾಳ ಕಷ್ಟ."

ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ ನಾನು. ಕಂಬದ ಹಿಂದೆಯೇ ನಿಂತುಬಿಡಬಹುದಿತ್ತು. ಆದರೆ ಮಗುವಿನ ತುಟಿ ನಡುಗುತ್ತಿತ್ತು. ಸೆರಗು ಹೊದ್ದು ಮುಂದೆ ಬಂದೆ.

"ಮಂಡಿ ನಂದ್ರೀ. ಹುಡುಗಿದೇನೂ ತಪ್ಪಿಲ್ರೀ. ಅವಳ ಹಾಳೆ ಇಲ್ಲೈತ್ರಿ" ಎಂದು ಚೀಲದಿಂದ ತೆಗೆದುಕೊಟ್ಟೆ.

"ನೀನಾ ಅಜ್ಜಿ?" ಎಂದಳು ಸಿಂಚನಾ, ಹಲ್ಲು ಕಚ್ಚಿ.

"ಬೈಬ್ಯಾಡವ್ವಾ. ಹಾಳೆ ಹಾಕಿ ಹೇಳು, ಕೇಳ್ತೀನಿ. ಅಮ್ಮಾರೇ, ನೀವು ಕೂಡ್ರಿ" ಎಂದು ಡಾಕ್ಟರಮ್ಮ ತಮ್ಮ ಕುರ್ಚಿಯನ್ನೇ ಕೊಟ್ಟರು. ಸಿಂಚನಾ ಒಂದು ಮಾತೂ ತಡವರಿಸದೆ ಎಲ್ಲ ವಿವರಿಸಿದಳು. ಅಷ್ಟರಲ್ಲಿ ಇಲ್ಲಿ ಮಂಡಿ ನೋಡುತ್ತಾರಂತೆ ಎಂಬ ಸುದ್ದಿ ಹಬ್ಬಿ, ಜ್ವಾಲಾಮುಖಿ ನೋಡುತ್ತಿದ್ದ ಅಜ್ಜಿಯರೆಲ್ಲ ನನ್ನ ಹಿಂದೆ ಸಾಲಾಗಿ ನಿಂತರು.

ಸಂಜೆ ಹೆಸರು ಕೂಗಿದರು. ಸಿಂಚನಾ ಆಯ್ಕೆಯಾಗಿದ್ದಳು.

ರಾಜ್ಯ ಮಟ್ಟಕ್ಕೆ ಯಾವ ಸೀರೆ ಉಡಲಿ ಎಂದು ನಾನು ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಅವಳ ಮೇಷ್ಟ್ರು ಹಿಂದಿನ ಸೀಟಿನಿಂದ ಬಗ್ಗಿ, ಬಹಳ ಮರ್ಯಾದೆಯಿಂದ ಹೇಳಿದರು:

"ಅಮ್ಮಾ, ಶಾರ್ಕ್ ಕಳಿಸಿದ್ರೆ ಸಾಕ್ರಿ. ನೀವು ಮನೆಯಾಗೆ ಆರಾಮಾಗಿರ್ರಿ."