ಎರಡು ಸೀರೆ ದೂರದ ಗುರಿ

ಐವತ್ತು ತುಂಬುವುದರೊಳಗೆ ಯಾವುದಾದರೊಂದು ಕ್ಲಬ್ಬಿಗೆ ಮೆಂಬರ್ ಆಗಿಯೇ ತೀರುತ್ತೇನೆ ಎಂದು ದಾಸನಕೊಪ್ಪದ ನನ್ನ ಬಟ್ಟೆ ಅಂಗಡಿಯಲ್ಲಿ ನಿಂತು ಭೀಷ್ಮಪ್ರತಿಜ್ಞೆ ಮಾಡಿದೆ! ಇದಕ್ಕೆಲ್ಲ ಕಾರಣ ನನ್ನ ಹೆಂಡತಿಯ ತಮ್ಮ ಶರಣ. ಬ್ಯಾಡ್ಮಿಂಟನ್ ಕ್ಲಬ್ಬಿನ ಕಾರ್ಡು ಕೊರಳಿಗೆ ಹಾಕಿಕೊಂಡೇ ಬರುತ್ತಾನೆ, ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ. "ಮಾವಾರ, ನೀವು ಯಾವುದಕ್ಕೂ ಸೇರಿಲ್ಲೇನು?" ಎಂದು ಬೇರೆ ಕೇಳಿದ.

ಓಡುವ ಆಟ ನನ್ನ ಹೊಟ್ಟೆಗೆ ಒಗ್ಗುವುದಿಲ್ಲ. ಹಾಗಾಗಿ ಶೂಟಿಂಗ್! ನಿಂತಲ್ಲೇ ಆಡುವ ಆಟ. ಬಟ್ಟೆ ಅಂಗಡಿಯವನಿಗೆ ನಿಲ್ಲುವುದನ್ನು ಯಾರೂ ಕಲಿಸಬೇಕಿಲ್ಲ. ಗುರಿ ಇರುವುದು ಹತ್ತು ಮೀಟರ್ ದೂರದಲ್ಲಂತೆ. ಹತ್ತು ಮೀಟರ್ ಅಂದರೇನು, ಎರಡು ಸೀರೆಗೂ ಕಡಿಮೆ!

"ನಾನು ಕ್ಲಬ್ ಸೇರಾವ," ಎಂದೆ ಹೆಂಡತಿ ಗೀತಾಗೆ.

"ಇಸ್ಪೀಟ್ ಆಡಾಕ?"

"ಛೇ! ಗುಂಡು ಹೊಡಿಯಾಕ!"

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ನಿಮ್ಮ ಮನಿತನದಾಗ ಯಾರೂ ಗುಂಡು ಮುಟ್ಟಿಲ್ರೀ!"

"ಆ ಗುಂಡಲ್ಲ ಮಾರಾಯ್ತಿ, ಬಂದೂಕಿನ ಗುಂಡು!"

"ಯಾವ ಗುಂಡಾದ್ರೂ ಮನಿ ಹಾಳು ಮಾಡೂದ," ಎಂದು ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿದಳು.

ಕ್ಲಬ್ ಆರಿಸಲು ಕೂತೆ. ಯಲ್ಲಾಪುರದವರು ಫೋನಿನಲ್ಲಿ "ಬಂದೂಕು ನೀವೇ ತರ್ಬೇಕು" ಅಂದರು. ನನ್ನ ಹತ್ತಿರ ಇರುವುದು ಬಟ್ಟೆ ಅಳೆಯುವ ಮೀಟರ್ ಕೋಲು! ಸಿದ್ದಾಪುರದ ನಂಬರಿಗೆ ಹಚ್ಚಿದರೆ, "ಶೂಟಿಂಗಾ ಸರ್? ಮದುವೆ ಯಾವಾಗ? ಡ್ರೋನ್ ಬೇಕಾ?" ಎಂದ ಯಾವನೋ ಪುಣ್ಯಾತ್ಮ. ಉಳಿದದ್ದು ಶಿರಸಿ. ಅಲ್ಲಿನ ಕೋಚ್ ಜಟ್ಟಪ್ಪ, ಸೈನ್ಯದಿಂದ ನಿವೃತ್ತರಾದವರು. "ಬರೋ ಭಾನುವಾರ ಬನ್ನಿ. ನಿಮ್ಮ ಕೈ ನೋಡಿ ಸೇರಿಸ್ಕೊಳ್ವ" ಅಂದರು.

ಕೈ ಏನೋ ಸರಿಯಿತ್ತು, ಕೈಕೊಟ್ಟದ್ದು ಕಣ್ಣು! ಮೀಟರ್ ಕೋಲನ್ನು ಭುಜಕ್ಕಿಟ್ಟು, ಅಂಗಡಿ ಬಾಗಿಲ ಪಕ್ಕದ ಕ್ಯಾಲೆಂಡರಿಗೆ ಗುರಿಯಿಟ್ಟು ಎಡಗಣ್ಣು ಮುಚ್ಚಿದೆ. ಪೂರ್ತಿ ಕತ್ತಲೆ! ಬಲಗಣ್ಣೂ ಮುಚ್ಚಿಕೊಂಡಿತ್ತು. ಜವಳಿ ವ್ಯಾಪಾರಿಯ ಕಣ್ಣುಗಳಲ್ಲವೇ, ಅವಳಿ-ಜವಳಿ! ಒಂದನ್ನು ಬಿಟ್ಟು ಇನ್ನೊಂದು ಮಲಗುವುದಿಲ್ಲ.

ಅಭ್ಯಾಸ ಶುರುವಾಯಿತು. ಸ್ನಾನದ ಮನೆಯಲ್ಲಿ, ಕನ್ನಡಿ ಮುಂದೆ, ಗಿರಾಕಿ ಇಲ್ಲದಾಗ ಅಂಗಡಿಯಲ್ಲಿ. ಶುಕ್ರವಾರ ಮಧ್ಯಾಹ್ನ ಕ್ಯಾಲೆಂಡರಿನಲ್ಲಿದ್ದ ಗುರುವಾರವನ್ನೇ ದಿಟ್ಟಿಸಿ ಎಡಗಣ್ಣು ಒತ್ತಿದೆ ನೋಡಿ, ಮುಚ್ಚಿತು! ಅದೊಂದೇ ಮುಚ್ಚಿತು! ತೆರೆದಿದ್ದ ಬಲಗಣ್ಣಿನ ಎದುರು ನಿಂತಿದ್ದವರು ಬ್ಲೌಸ್ ಪೀಸಿಗೆ ಬಂದ ನಮ್ಮ ಓಣಿಯ ಗುರುಶಾಂತವ್ವ. ವಯಸ್ಸು ಎಪ್ಪತ್ತೆರಡು! ಗುರಿಯಿಟ್ಟದ್ದು ಗುರುವಾರಕ್ಕೆ, ತಾಗಿದ್ದು ಗುರುಶಾಂತವ್ವನಿಗೆ!

"ಅಯ್ಯ ಶಿವನೇ!" ಎಂದು ಅವರು ಬ್ಲೌಸ್ ಪೀಸು ಬಿಟ್ಟು ಹೋದರು. ಶನಿವಾರ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಮತ್ತೆ ಬಂದು, ನನ್ನನ್ನೇ ನಾಲ್ಕು ನಿಮಿಷ ನೋಡಿದರು. ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ.

"ಮೊದಲ ಕ್ಲಬ್ಬು, ಆಮ್ಯಾಲೆ ಗುಂಡು, ಈಗ ಕಣ್ಣು ಹೊಡಿಯೂದು!" ಮನೆಗೆ ಬಂದವನನ್ನು ಗೀತಾ ಬಾಗಿಲಲ್ಲೇ ತಡೆದಳು. "ಇನ್ನೇನು ಉಳದೈತ್ರಿ?"

"ಒಂದ ಕಣ್ಣು ಮುಚ್ಚಲಿಲ್ಲಂದ್ರ ಗುರಿ ಇಡಾಕ ಬರೂದಿಲ್ಲ ಗೀತಾ, ಅದಕ್ಕ ಪ್ರಾಕ್ಟೀಸ್..."

"ಹಂಗಂತ ನಿಮ್ಮ ಕೋಚ್ ನನ್ನ ಮುಂದ ಹೇಳಲಿ. ಇಲ್ಲಂದ್ರ ನಾ ಹಂಗ ಬಸ್ ಹತ್ತಿ ತವರಿಗೆ ಹೊಂಟೆ!"

ಭಾನುವಾರ ಇಬ್ಬರೂ ಶಿರಸಿಗೆ ಹೋದೆವು. ಗೀತಾಳ ಕೈಯಲ್ಲಿ ಬಟ್ಟೆ ತುಂಬಿದ ಬ್ಯಾಗು. ಕ್ಲಬ್ಬಿನ ಶೂಟಿಂಗ್ ಹಾಲ್‌ನಲ್ಲಿ ಜಟ್ಟಪ್ಪನವರು ಕೊಟ್ಟ ರೈಫಲ್ ಎತ್ತಿ, ಸಾಕ್ಷಿಗೆ ಇರಲಿ ಎಂದು ಜೋರಾಗಿ ಕೇಳಿದೆ, "ಸರ್, ಮುಚ್ಚಬೇಕಾದ್ದು ಎಡಗಣ್ಣೇ ಅಲ್ವಾ?"

"ಮುಚ್ಚೂದು ಎಂತಕ್ಕೆ ಮಾರಾಯ್ರೆ? ಎರಡೂ ತೆರೆದೇ ಹೊಡೀಬೇಕು!"

ರೈಫಲ್ ಕೈಯಿಂದ ಜಾರುವುದೊಂದು ಬಾಕಿ! ಗೀತಾ ಬ್ಯಾಗು ಎತ್ತಿಕೊಂಡಳು.

"ನಿನ್ನಾಣೆ ಗೀತಾ, ನನಗ ಕಣ್ಣು ಹೊಡಿಯಾಕ ಬರೂದ ಇಲ್ಲ! ಅದೊಮ್ಮೆ ಅಕಸ್ಮಾತ್ ಆತು!"

ಅವಳು ಬಾಗಿಲಲ್ಲಿ ನಿಂತಳು. ಸಣ್ಣ ದನಿಯಲ್ಲಿ ಹೇಳಿದಳು, "ಲಗ್ನ ಆಗಿ ಇಪ್ಪತ್ನಾಲ್ಕು ವರ್ಷ ಆತು. ಅಕಸ್ಮಾತ್ ಆಗಿನೂ ನನಗೊಮ್ಮೆ ಹೊಡೀಲಿಲ್ಲಲ್ರೀ."

ಜಟ್ಟಪ್ಪನವರು ನೋಡುತ್ತಿದ್ದರೆ ನೋಡಲಿ! ರೈಫಲ್ ಕೆಳಗಿಟ್ಟೆ, ಅವಳೆದುರು ನಿಂತೆ, ಉಸಿರು ಬಿಗಿಹಿಡಿದು, ತುಟಿ ಸೊಟ್ಟ ಮಾಡಿ ಎಡಗಣ್ಣು ಒತ್ತಿದೆ.

ಪೂರ್ತಿ ಕತ್ತಲೆ!

ಕಣ್ಣು ಬಿಟ್ಟಾಗ ಗೀತಾ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು.

"ಇವರನ್ನ ಸೇರಿಸ್ಕೊಳ್ರಿ ಸರ್, ಅಂಜಿಕಿ ಇಲ್ಲ," ಎಂದಳು ಕೋಚಿಗೆ. "ಗುರುಶಾಂತವ್ವಗ ಒಂದ ಕಣ್ಣು, ನನಗ ಎರಡೂ!"